ಕೆಂಪು ಶಾಯಿಯ ಸಾಲುಗಳು

ನಿಮ್ಮ ಜೀವಶಾಸ್ತ್ರ ವಿಭಾಗದ ಇಬ್ಬರು ಹುಡುಗಿಯರು ಕೂಡ್ಲಿಗಿಯಿಂದ ಬಸ್ಸು ಹತ್ತಿ ಕೊಟ್ಟೂರಿನ ನನ್ನ ಅಂಗಡಿಗೆ ಬಂದಾಗ ನಾನು ಶೇಂಗಾ ಹಿಂಡಿಯ ಚೀಲ ಇಳಿಸಿಕೊಳ್ಳುತ್ತಿದ್ದೆ. ನಿಮಗೆ ಪಾಠ ಹೇಳುತ್ತಿದ್ದ ಮೇಡಂ ತೀರಿಕೊಂಡು ಆಗ ಒಂದೂವರೆ ತಿಂಗಳು. ಅವರ ನೆನಪಿಗೆ ವಿಭಾಗದಿಂದ ಒಂದು ಪುಸ್ತಿಕೆ ತರುತ್ತಿದ್ದೇವೆ, ನೀವೂ ಎರಡು ಪುಟ ಬರೆದುಕೊಡಬೇಕು ಎಂದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನನ್ನು ಯಾಕೆ ಕೇಳುತ್ತೀರಿ ಎಂದೆ. ಮೇಡಂ ಅವರ ಕುರಿ ಸಮೀಕ್ಷೆಯ ಪುಸ್ತಕದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬರುವ ಹೆಸರು ನಿಮ್ಮದೇ ಎಂದಳು ಅವರಲ್ಲೊಬ್ಬಳು, ರೇಣುಕಾ.

ಯಾರು ಏನು ಕೇಳಿದರೂ ಮೊದಲು ಆಗುವುದಿಲ್ಲ ಅನ್ನುವುದು, ಆಮೇಲೆ ಅರ್ಧಕ್ಕೆ ಒಪ್ಪುವುದು ನನ್ನ ಚಾಳಿ. ಎರಡು ಪುಟವನ್ನು ಒಂದಕ್ಕೆ ಇಳಿಸಿ ಒಪ್ಪಿಕೊಂಡೆ. ಆಗ ಅವಳು ಚೀಲದಿಂದ ಒಂದು ಉದ್ದನೆಯ ರಟ್ಟಿನ ಪುಸ್ತಕ ತೆಗೆದು ದುಡ್ಡಿನ ಗಲ್ಲೆಯ ಮೇಲಿಟ್ಟಳು. ಸಮೀಕ್ಷೆಯ ಪಟ್ಟಿಯನ್ನೂ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುವವರಿದ್ದೇವೆ, ಟಗರುಗಳ ವಿವರ ಕೊಟ್ಟವರು ನೀವೇ, ಒಮ್ಮೆ ಓದಿ ಎಲ್ಲ ಸರಿಯಿದೆಯೇ ಹೇಳಿ ಎಂದಳು. ಪುಸ್ತಕ ನೋಡಿದ ಕೂಡಲೇ ಗುರುತು ಹತ್ತಿತು. ಮುಟ್ಟಲು ಮನಸ್ಸಾಗಲಿಲ್ಲ. ಇಟ್ಟು ಹೋಗವ್ವ, ಆಮೇಲೆ ನೋಡುತ್ತೇನೆ ಎಂದೆ.

ನಾನು ಒಪ್ಪಿಕೊಂಡ ಒಂದು ಪುಟದಲ್ಲಿ ಈ ಮಾತು ಹಿಡಿಸುವುದಿಲ್ಲ. ಪುಸ್ತಿಕೆಯಲ್ಲಿ ಜಾಗ ಸಾಲದಿದ್ದರೆ ಮೇಡಂ ಅವರ ಹೊಗಳಿಕೆ ಬರೆದವರಲ್ಲಿ ಯಾರದನ್ನಾದರೂ ಕತ್ತರಿಸಿ, ಇದನ್ನು ಕತ್ತರಿಸಬೇಡಿ.

ಅವರನ್ನು ಮೊದಲು ನೋಡಿದ್ದು ಹರಪನಹಳ್ಳಿಯ ಕುರಿ ಸಂತೆಯಲ್ಲಿ. ಆಗ ನನ್ನದು ಅಂಗಡಿ ಇರಲಿಲ್ಲ, ಬೀಜದ ಟಗರಿನ ವ್ಯಾಪಾರ. ಇನ್ನೊಬ್ಬ ದಲಾಲಿಯ ಕೈ ಹಿಡಿದು ಟವೆಲ್ಲಿನ ಕೆಳಗೆ ಬೆರಳು ಒತ್ತುತ್ತಿದ್ದೆ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳಲ್ಲಿ ಹೇಳುತ್ತೇವೆ. ಅಷ್ಟರಲ್ಲಿ ಒಬ್ಬ ಹೆಂಗಸು ನಾನು ಮಾರುತ್ತಿದ್ದ ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ತುಟಿ ಬಿಡಿಸಿ, ಮಕ್ಕಳ ಕಂಪಾಸ್ ಡಬ್ಬಿಯಲ್ಲಿ ಇರುತ್ತದಲ್ಲ ಅಂಥ ಪ್ಲಾಸ್ಟಿಕ್ ಅಡಿಪಟ್ಟಿಯಿಂದ ದವಡೆ ಅಳೆಯುತ್ತಿದ್ದರು. ಸೀರೆಯ ನೆರಿಗೆಗೆ ಹಿಕ್ಕೆ ಹತ್ತಿತ್ತು. ತೋಳಿಗೆ ಹೆಲ್ಮೆಟ್ಟು ಜೋತು ಬಿದ್ದಿತ್ತು.

ಕೊಳ್ಳುವವರೇನ್ರಿ ಎಂದು ಕೇಳಿದೆ. ಅಲ್ಲ, ಅಳೆಯುವವಳು ಎಂದರು. ಅಳೆದು ಏನು ಮಾಡುತ್ತೀರಿ ಎಂದರೆ ಬರೆದಿಡುತ್ತೇನೆ ಎಂದರು. ಬರೆದಿಟ್ಟು? ಮತ್ತೊಮ್ಮೆ ಅಳೆಯುತ್ತೇನೆ. ಕೊಳ್ಳದೆ ಟಗರಿನ ಬಾಯಿ ಬಿಡಿಸುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಂಥವರಿಂದ ನಮಗೆ ಲಾಭವೂ ಇಲ್ಲ ಲುಕ್ಸಾನೂ ಇಲ್ಲ ಎಂದುಕೊಂಡು ಒಂದು ಕಪ್ ಚಹಾ ಕುಡಿಸಿದೆ. ಈ ಲೆಕ್ಕ ತಪ್ಪಿತು. ನಿಮಗೊಂದು ಮಾತು ಹೇಳುತ್ತೇನೆ ಮಕ್ಕಳೇ: ನಿಮ್ಮಿಂದ ಏನನ್ನೂ ಕೊಳ್ಳದವರ ಹತ್ತಿರ ಎಚ್ಚರದಿಂದ ಮಾತಾಡಿ. ಅವರು ಮಾತನ್ನು ಮಾತ್ರ ಒಯ್ಯುತ್ತಾರೆ.

ಅವರ ಜೇಬಿನಲ್ಲಿ, ಅಂದರೆ ಕೊರಳಿಗೆ ಹಾಕಿದ ಬಟ್ಟೆಯ ಚೀಲದಲ್ಲಿ, ಯಾವಾಗಲೂ ಎರಡು ಪೆನ್ನು. ಒಂದು ನೀಲಿ, ಒಂದು ಕೆಂಪು. ತಾವೇ ಕಂಡದ್ದನ್ನು, ಎಣಿಸಿದ್ದನ್ನು, ಅಳೆದದ್ದನ್ನು ನೀಲಿಯಲ್ಲಿ ಬರೆಯುವರು. ಯಾರಾದರೂ ಹೇಳಿದ್ದನ್ನು ಕೆಂಪಿನಲ್ಲಿ ಬರೆದು ಪಕ್ಕದಲ್ಲಿ ಹೇಳಿದವರ ಹೆಸರು ಹಾಕುವರು. ನಿಮಗಿಂತ ಬಹಳ ಹಿಂದಿನ ತಂಡದ ಹುಡುಗನೊಬ್ಬ ಹಟ್ಟಿಯ ಬೇಲಿಯಾಚೆ ನಿಂತು ಕುರಿಗಾರನನ್ನು ಕೇಳಿ ನಲವತ್ತು ಮರಿ ಎಂದು ನೀಲಿಯಲ್ಲಿ ಬರೆದಿದ್ದ. ಮೇಡಂ ಸಿಟ್ಟಾಗಲಿಲ್ಲ. ಅವನನ್ನು ಹಟ್ಟಿಯೊಳಗೆ ಕರೆದೊಯ್ದು ಎಣಿಸಲು ಹೇಳಿ, ಆತ ಎಣಿಸಿ ಮುಗಿಸುವವರೆಗೂ ಬಿಸಿಲಲ್ಲಿ ತಾವೂ ನಿಂತರು. ಮೂವತ್ತೇಳು ಬಂತು. ಅವನು ಮುಖ ಕೆಳಗೆ ಹಾಕಿದ. "ಕುರಿಗಾರ ಸುಳ್ಳು ಹೇಳಿಲ್ಲಪ್ಪ, ಮೂರು ಮರಿ ಅವನ ಹೆಂಡತಿ ಮನಿಯಾಗ ಕಟ್ಯಾಳ. ಸುಳ್ಳು ನಿನ್ನ ಶಾಯಿದು" ಎಂದರು.

ಹಟ್ಟಿಗಳಿಗೆ ಅವರು ಬರುತ್ತಿದ್ದ ಬಗೆಯೂ ಬೇರೆ. ಕಚೇರಿಯವರು ಬಂದರೆ ಜೀಪು ನಿಲ್ಲಿಸಿ ಹಾರ್ನು ಹೊಡೆಯುತ್ತಾರೆ. ಮೇಡಂ ಸ್ಕೂಟರನ್ನು ದೂರದ ಜಾಲಿಗಿಡದ ಕೆಳಗೆ ಬಿಟ್ಟು ನಡೆದು ಬರುವರು. ಸದ್ದಿಗೆ ಗಬ್ಬದ ಕುರಿ ಬೆದರುತ್ತವೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಣ್ಣುಮಕ್ಕಳು ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು ಚೊಂಬನ್ನು ತಾವೇ ತೊಳೆದಿಡುವರು. ನನ್ನನ್ನು ಅಣ್ಣಾರ ಎಂದು ಕರೆಯುವರು. ಟಗರಿನ ದಲಾಲಿಗೆ ಆ ಮರ್ಯಾದೆಯನ್ನು ನಮ್ಮ ಸಂಬಂಧಿಕರೂ ಕೊಡುತ್ತಿರಲಿಲ್ಲ.

ಒಮ್ಮೆ ಅವರೇ ನನ್ನನ್ನು ತರಗತಿಗೆ ಕರೆದರು. ಹಿಂದಿನ ಬೆಂಚಿನಲ್ಲಿ ಟವೆಲ್ಲು ಮಡಚಿ ಕೂತೆ. ಅವತ್ತು ನಡೆಸಿದ ಪಾಠ ನಿಮ್ಮ ಪುಸ್ತಕದಲ್ಲಿ ಇಬ್ಬರು ವಿದ್ವಾಂಸರ ಹೆಸರಿನ ಸೂತ್ರವಾಗಿ ಇದೆಯಂತೆ. ಮೇಡಂ ಸೂತ್ರ ಬರೆಯಲಿಲ್ಲ. ಒಂದು ಚೀಲಕ್ಕೆ ನೂರು ಮೆಕ್ಕೆಜೋಳದ ಕಾಳು ಹಾಕಿದ್ದರು. ತೊಂಬತ್ತು ಹಳದಿ, ಹತ್ತಕ್ಕೆ ಕೆಂಪು ಬಣ್ಣ ಹಚ್ಚಿತ್ತು. ಕಣ್ಣು ಮುಚ್ಚಿ ಎರಡೆರಡು ಕಾಳು ತೆಗೆಯಿರಿ, ಬರೆದುಕೊಂಡು ವಾಪಸು ಹಾಕಿ, ಮತ್ತೆ ತೆಗೆಯಿರಿ ಎಂದರು. ಒಂದು ಕಾಳು ಅಪ್ಪನದು, ಒಂದು ಕಾಳು ಅವ್ವನದು. ಹೀಗೆ ತೆಗೆಯುತ್ತಾ ಹೋದರೆ ನೂರು ಜೋಡಿಯಲ್ಲಿ ಎಂಬತ್ತೊಂದರ ಆಸುಪಾಸು ಎರಡೂ ಹಳದಿ, ಹದಿನೆಂಟು ಒಂದು ಹಳದಿ ಒಂದು ಕೆಂಪು, ಎರಡೂ ಕೆಂಪು ಬರುವುದು ಒಂದೇ ಒಂದು.

ಆ ಒಂದು ಜೋಡಿಯೇ ಕಣ್ಣಿಗೆ ಬೀಳುವ ದೋಷ ಎಂದರು ಮೇಡಂ. ಹದಿನೆಂಟು ಮಂದಿ ಕೆಂಪು ಕಾಳನ್ನು ಒಳಗಿಟ್ಟುಕೊಂಡು ಚೆನ್ನಾಗಿಯೇ ಓಡಾಡುತ್ತಿರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಚೀಲವನ್ನು ಚೆನ್ನಾಗಿ ಕಲಸಿ, ಹೊರಗಿಂದ ಏನನ್ನೂ ಸೇರಿಸದೆ, ಒಳಗಿಂದ ಏನನ್ನೂ ಕದಿಯದೆ, ಬೇಕಾದ್ದನ್ನು ಆರಿಸದೆ ತೆಗೆದರೆ ಪೀಳಿಗೆ ಪೀಳಿಗೆಗೂ ಇದೇ ಲೆಕ್ಕ ನಿಲ್ಲುತ್ತದೆ. "ಲೆಕ್ಕ ತಪ್ಪಿತು ಅಂದ್ರ ಚೀಲಕ್ಕ ಯಾರೋ ಕೈ ಹಾಕ್ಯಾರ ಅಂತ ತಿಳೀರಿ. ಯಾರು ಅಂತ ಸೂತ್ರ ಹೇಳಂಗಿಲ್ಲ. ಹಾಕ್ಯಾರ ಅಂತ ಹೇಳತೈತಿ."

ಹಿಂದಿನ ಬೆಂಚಿನಲ್ಲಿ ನನಗೆ ಬೆವರು ಬಂತು. ಫ್ಯಾನಿನ ಕೆಳಗೆ ಜಾಗ ಕೊಡಿ ಎಂದು ಹುಡುಗರನ್ನು ಸರಿಸಿ ಕೂತೆ.

ಮುಂದಿನ ಗಂಟೆ ನಕಲಿನ ಪಾಠ. ನೀವು ಪ್ರತಿಲೇಖನ ಎನ್ನುತ್ತೀರಂತೆ. ಮೇಡಂ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಮಾತು ತೆಗೆದರು. ಮೂಲ ಪುಸ್ತಕ ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ರೈತನಿಗೆ ಬೇಕಾದ ಒಂದು ಸರ್ವೆ ನಂಬರನ್ನಷ್ಟೇ ಗುಮಾಸ್ತ ನಕಲು ಮಾಡಿಕೊಡುತ್ತಾನೆ, ಇಡೀ ಪುಸ್ತಕವನ್ನಲ್ಲ. ಜೀವಕೋಶದೊಳಗೆ ಡಿಎನ್‌ಎ ಆ ಮೂಲ, ಆರ್‌ಎನ್‌ಎ ಆ ನಕಲು, ನಡುವೆ ನಕಲು ಮಾಡುವ ಒಂದು ಕಿಣ್ವವೇ ಗುಮಾಸ್ತ. ಕುರಿಯ ಚರ್ಮದಲ್ಲಿ ಉಣ್ಣೆಯ ಪುಟದ ನಕಲು ತೆಗೆಯುತ್ತಾರೆ, ಯಕೃತ್ತಿನಲ್ಲಿ ಆ ಪುಟ ತೆರೆಯುವುದೇ ಇಲ್ಲ. ಪುಸ್ತಕ ಎರಡೂ ಕಡೆ ಒಂದೇ.

ಗುಮಾಸ್ತ ತಪ್ಪು ನಕಲು ಮಾಡಿದರೆ ಎಂದು ಒಬ್ಬ ಹುಡುಗ ಕೇಳಿದ. ಆ ನಕಲು ಹಾಳಾಗುತ್ತದೆ, ಇನ್ನೊಂದು ತೆಗೆಯುತ್ತಾರೆ, ದೊಡ್ಡ ಮಾತಲ್ಲ ಎಂದರು. "ನಕಲಿನ ತಪ್ಪು ನಕಲಿನ ಕೂಡ ಹೋಗತೈತಿ. ಮೂಲದಾಗ ತಪ್ಪು ಕುಂತ್ರ, ಗುಮಾಸ್ತ ಎಷ್ಟು ಪ್ರಾಮಾಣಿಕ ಆದ್ರೂ ತಪ್ಪನ್ನೇ ಪ್ರಾಮಾಣಿಕವಾಗಿ ಬರೀತಾನ." ಹುಡುಗರು ನಕ್ಕರು. ನಾನೂ ನಕ್ಕೆ. ಮೇಡಂ ಕೈಗೆ ಹತ್ತಿದ ಸೀಮೆಸುಣ್ಣವನ್ನು ಸೆರಗಿನ ತುದಿಗೆ ಒರೆಸಿಕೊಂಡರು. ಅದು ಅವರ ಪಾಠ ಮುಗಿಯಿತು ಎನ್ನುವ ಗುರುತು. ಅವರ ಎಲ್ಲ ಸೀರೆಗೂ ಬಲಗಡೆ ಒಂದು ಬಿಳಿ ತೇಪೆ ಇರುತ್ತಿತ್ತು.

ನಾನೇಕೆ ಬೆವೆತೆ ಎಂದು ಹೇಳಬೇಕಾದರೆ ನನ್ನ ಕಸುಬನ್ನು ಬಿಚ್ಚಿಡಬೇಕು.

ನಮ್ಮ ಕಡೆ ಕುರಿ ಕಾಯುವವರಿಗೆ ಒಂದು ಕಟ್ಟುಪಾಡಿದೆ. ಹಿಂಡಿನಲ್ಲಿ ಹುಟ್ಟಿದ ಟಗರನ್ನು ಅದೇ ಹಿಂಡಿಗೆ ಬಿಡುವುದಿಲ್ಲ. ಬೀಜ ಒಡೆಸುತ್ತಾರೆ, ಇಲ್ಲ ಮಾರುತ್ತಾರೆ. ಬೀಜಕ್ಕೆ ಹೊರಗಿನ ಟಗರೇ ಬೇಕು, ಅದೂ ದೂರದ್ದು. ಎರಡು ವರ್ಷಕ್ಕೆ ಅದನ್ನೂ ಬದಲಿಸಬೇಕು, ಯಾಕೆಂದರೆ ಅಷ್ಟರಲ್ಲಿ ಅದರ ಹೆಣ್ಣುಮರಿಗಳು ದೊಡ್ಡವಾಗಿರುತ್ತವೆ. ಯಾವ ಪುಸ್ತಕವನ್ನೂ ಓದದೆ ಇವರು ಪಾಲಿಸಿಕೊಂಡು ಬಂದದ್ದನ್ನು ನೋಡಿ ಮೇಡಂ ಬೆರಗಾಗಿದ್ದರು. ನನ್ನ ಅನ್ನ ನಡೆಯುತ್ತಿದ್ದದ್ದೂ ಈ ಕಟ್ಟಿನಿಂದಲೇ. ಕೂಡ್ಲಿಗಿ ಕಡೆಯ ಹಿಂಡಿಗೆ ಹಡಗಲಿ ಕಡೆಯ ಟಗರು, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಉಚ್ಚಂಗಿದುರ್ಗದ ಕಡೆಯದು. ಹೀಗೆ ತಂದು ಕೊಡುವವನು ಈ ಐದು ತಾಲೂಕಿನ ಕಡೆ ನಾನೊಬ್ಬನೇ ಎಂಬ ಹೆಸರು ಮಾಡಿದ್ದೆ.

ಮೊದಲ ಮೂರ್ನಾಲ್ಕು ವರ್ಷ ನಿಜವಾಗಿಯೂ ತಂದೆ. ಆಮೇಲೆ ತಿರುಗಿ ಬೇಸತ್ತೆ. ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಬೀಗರ ಹಿಂಡಿತ್ತು. ಅದರಲ್ಲೊಂದು ಟಗರು, ಅಂಥ ಮೈಕಟ್ಟನ್ನು ನಾನು ಮತ್ತೆ ಕಂಡಿಲ್ಲ. ಅದರ ಗಂಡುಮರಿಗಳೂ ಅಪ್ಪನ ಅಚ್ಚು. ಎಲ್ಲವನ್ನೂ ನಾನೇ ಹಿಡಿದುಕೊಂಡೆ. ಒಂದನ್ನು ಹಡಗಲಿಯ ಹೊಳೆದಂಡೆಯದು ಎಂದು ಕೊಟ್ಟೆ, ಅದರ ತಮ್ಮನನ್ನು ಉಚ್ಚಂಗಿದುರ್ಗದ ಗುಡ್ಡದ್ದು ಎಂದೆ, ಮತ್ತೊಂದನ್ನು ಹರಪನಹಳ್ಳಿ ಆಚೆಯದು ಎಂದೆ. ಕೊಳ್ಳುವವನು ಟಗರಿನ ಹಲ್ಲು ನೋಡಬಹುದು, ಕಾಲು ನೋಡಬಹುದು. ಅಪ್ಪನನ್ನು ನೋಡಲಾಗುವುದಿಲ್ಲ. ಊರ ಹೆಸರಿಗೆ ಮಾತಷ್ಟೇ ಸಾಕ್ಷಿ, ಆ ಮಾತು ನನ್ನದು. ಟಗರು ಒಳ್ಳೆಯವೇ ಇದ್ದವು, ಹಾಗಾಗಿ ಆ ತರಗತಿಯಲ್ಲಿ ಕೂರುವವರೆಗೆ ಮೋಸ ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಮಾಲು ಚೊಕ್ಕ ಇದ್ದರೆ ವಿಳಾಸ ಸ್ವಲ್ಪ ಆಚೀಚೆ ಆದರೇನು ಎನ್ನುವುದು ನನ್ನ ತರ್ಕ.

ಎರಡು ವರ್ಷ ಕಳೆದು ಕುರಿಗಾರರು ಕಟ್ಟಿನಂತೆ ಟಗರು ಬದಲಿಸಿದರು. ನಾನು ಹಳೆಯದನ್ನು ಒಯ್ದು ಅದರ ತಮ್ಮನನ್ನು ತಂದು ಕಟ್ಟಿದೆ. ಅವರ ಪಾಲಿಗೆ ಅಪ್ಪ ಹೋಗಿ ಪರವೂರಿನವನು ಬಂದ. ನಿಜದಲ್ಲಿ ಅಪ್ಪ ಹೋಗಿ ಚಿಕ್ಕಪ್ಪ ಬಂದಿದ್ದ.

ಆ ಸುಗ್ಗಿಯ ಮರಿಗಳಲ್ಲಿ ಕೆಲವಕ್ಕೆ ಕೆಳದವಡೆ ಗಿಡ್ಡ. ಕುರಿಗಾರರು ಗಿಳಿಮೂತಿ ಎಂದರು. ಕೆಚ್ಚಲಿಗೆ ಬಾಯಿ ಹಾಕಿದರೂ ಮೊಲೆ ಹಿಡಿಯಲು ಬರುವುದಿಲ್ಲ. ಹೆಂಗಸರು ಬಟ್ಟೆಯ ಬತ್ತಿ ಅದ್ದಿ ಹಾಲು ಹಿಂಡಿದರು. ಮೂರು ದಿನ, ನಾಲ್ಕು ದಿನ. ಆಮೇಲೆ ಮರಿ ತಲೆ ಎತ್ತುತ್ತಿರಲಿಲ್ಲ. ಒಂದು ಹಿಂಡಿನಲ್ಲಲ್ಲ, ನಾನು ಟಗರು ಕೊಟ್ಟ ಬಹಳಷ್ಟು ಹಿಂಡುಗಳಲ್ಲಿ.

ಮೇಡಂ ಸ್ಕೂಟರು ಹಟ್ಟಿಯಿಂದ ಹಟ್ಟಿಗೆ ಓಡಾಡಿತು. ಒಂದು ಸಂಗತಿಯನ್ನು ಅವರು ಮೊದಲೇ ಹಿಡಿದರು: ಹಳೆಯ ಕುರಿಗಳಿಗೆ ಇಂಥ ಮರಿ ಹುಟ್ಟುತ್ತಿಲ್ಲ, ಮೊದಲ ಸಲ ಈದ ಎಳೆಯ ಕುರಿಗಳಿಗೆ ಮಾತ್ರ. ಅದನ್ನು ನೀಲಿಯಲ್ಲಿ ಬರೆದುಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಯಾವ ಹಿಂಡಿನ ಟಗರು ಎಲ್ಲಿಂದ ಬಂದದ್ದು ಎಂದು ಒಂದೊಂದಾಗಿ ಕೇಳಿದರು. ಕೆಂಪು ಪೆನ್ನು ತೆಗೆದರು. ನಾನು ಕೊಳ್ಳುವವರಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಹಡಗಲಿ, ಉಚ್ಚಂಗಿದುರ್ಗ, ಹರಪನಹಳ್ಳಿ. ಒಂದೂ ತಡವರಿಸದೆ ಬರೆಸಿದೆ. ಸಲೀಸಾಗಿ ಸುಳ್ಳು ಹೇಳುವುದು ಕಷ್ಟದ ಕೆಲಸವಲ್ಲ, ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡರೆ ಸಾಕು. ಇಲ್ಲಿಯವರೆಗೆ ಬದುಕಿನಲ್ಲಿ ನಾನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಬುದ್ಧಿಮಾತು ಇದೊಂದೇ, ಈಗ ಇದನ್ನೂ ಕೊಟ್ಟೆ. ತೆಗೆದುಕೊಳ್ಳಬೇಡಿ.

ಮೇಡಂ ಲೆಕ್ಕ ಹಾಕಿದರು. ಟಗರುಗಳು ಬೇರೆಬೇರೆ ಊರಿನವಾಗಿದ್ದರೆ ಅಷ್ಟು ಗಿಳಿಮೂತಿ ಹುಟ್ಟುವಂತಿರಲಿಲ್ಲ. ಚೀಲಕ್ಕೆ ಯಾರೋ ಕೈ ಹಾಕಿದ್ದಾರೆ. ಟಗರು ಹೊರಗಿನವೇ ಎಂದು ನನ್ನ ಕೆಂಪು ಸಾಲುಗಳು ಹೇಳುತ್ತಿದ್ದವು. ಹಾಗಿದ್ದರೆ ಉಳಿದದ್ದು ಒಂದೇ ದಾರಿ: ಕುರಿಗಾರರು ಕಟ್ಟು ಮುರಿದು ಹಿಂಡಿನಲ್ಲಿ ಹುಟ್ಟಿದ ಟಗರನ್ನು ಅಕ್ಕತಂಗಿಯರ ಮೇಲೆ ಬಿಟ್ಟಿರಬೇಕು.

ಕೂಡ್ಲಿಗಿಯಲ್ಲಿ ಪಶು ಇಲಾಖೆಯವರು ಕುರಿಗಾರರ ಒಂದು ಸಭೆ ಕರೆದರು. ಮೇಡಂಗೆ ಅಲ್ಲಿ ಅರ್ಧ ಗಂಟೆ ಮಾತಾಡಲು ಕೊಟ್ಟಿದ್ದರು. ಸಮೀಕ್ಷೆಗೆ ನೆರವಾದವನೆಂದು ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಮೊದಲೇ ಒಂದು ಶಾಲು ಹೊದಿಸಿ ಆಗಿತ್ತು. ಮೇಡಂ ಮೆಲ್ಲಗೆ, ಯಾರನ್ನೂ ಬೈಯದೆ ಹೇಳಿದರು. ಬಡತನಕ್ಕೋ ಅವಸರಕ್ಕೋ ಕೆಲವರು ಮನೆಯ ಟಗರನ್ನೇ ಬಿಟ್ಟಿರಬಹುದು, ಅದರಿಂದ ಹೀಗಾಗಿರಬಹುದು, ಇನ್ನು ಮುಂದೆ ಬೇಡ ಎಂದರು.

ಉಚ್ಚಂಗಿದುರ್ಗದ ಕಡೆಯ ದೊಡ್ಡ ಹಿಂಡಿನ ಅಜ್ಜ ಎದ್ದು ನಿಂತ. ಕಂಬಳಿ ಸರಿಮಾಡಿಕೊಂಡ. ಕೂಗಲಿಲ್ಲ.

"ತಾಯಿ, ನಮ್ಮ ಹಿಂಡಿನಾಗ ಹುಟ್ಟಿದ ಟಗರು ಅಂದ್ರ ಆ ಹಿಂಡಿಗೆ ಅಣ್ಣ ತಮ್ಮ ಇದ್ದಂಗ. ಅದನ್ನ ಬಿಟ್ಟೀವಿ ಅಂದ್ರ ನಮ್ಮ ಮನಿ ಹೆಣ್ಮಕ್ಕಳಿಗೆ ಅಂದಂಗ. ನೀವು ಓದಿದವರು, ಹಿಂಗ ಅನಬಾರದು."

"ಅಜ್ಜಾರ, ನನ್ನ ಬರಹ ತಪ್ಪಿರಬಹುದು" ಎಂದರು ಮೇಡಂ. "ತಪ್ಪಿದ್ರ ಎಲ್ಲಿ ಅಂತ ತೋರಿಸ್ರಿ. ಇಲ್ಲೇ ತಿದ್ದತೀನಿ."

"ನನಗ ಓದಾಕ ಬರಂಗಿಲ್ಲ. ಇವನ ಕೇಳ್ರಿ. ಟಗರು ತಂದು ಕಟ್ಟಿದಾವ ಇವನ." ಅಜ್ಜ ನನ್ನತ್ತ ಕೈ ಮಾಡಿದ.

ಮೇಡಂ ನನ್ನ ಕಡೆ ತಿರುಗಿದರು. ಪುಸ್ತಕ ತೆರೆದೇ ಇತ್ತು, ಕೈಯಲ್ಲಿ ಪೆನ್ನಿತ್ತು. ನೋಡಿ, ಆಗ ಒಂದು ಮಾತು ಹೇಳಿದ್ದರೆ ಇಬ್ಬರ ಮಾನವೂ ಉಳಿಯುತ್ತಿತ್ತು. ಅಜ್ಜನ ಮಾತೂ ಸತ್ಯ, ಮೇಡಂ ಲೆಕ್ಕವೂ ಸತ್ಯ, ನಡುವೆ ನಾನೊಬ್ಬ ಸುಳ್ಳು. ಭುಜದ ಮೇಲಿನ ಶಾಲು ಜಾರುತ್ತಿತ್ತು, ಎಳೆದುಕೊಂಡೆ.

"ಹೌದ್ರಿ ಮೇಡಂ, ಎಲ್ಲಾ ಹೊರಗಿನವ" ಎಂದೆ.

ಅಲ್ಲಿಗೆ ಮುಗಿಯಿತು. ಹಿಂದಿನಿಂದ ಯಾರೋ, ಸ್ಕೂಟರ್ ಮೇಲೆ ಬಂದು ನಮ್ಮ ಮರ್ಯಾದಿ ಅಳೀತಾಳ ಎಂದ. ಇನ್ನೊಬ್ಬ, ಅಡಿಪಟ್ಟಿ ತಂದಾಳೇನು ನೋಡ್ರಿ ಎಂದ. ಸಭೆ ನಕ್ಕಿತು. ಮೇಡಂ ಪುಸ್ತಕ ಮುಚ್ಚಿ, ಸೆರಗಿನ ತುದಿಗೆ ಕೈ ಒರೆಸಿಕೊಂಡರು. ಅವತ್ತು ಕೈಯಲ್ಲಿ ಸುಣ್ಣ ಇರಲಿಲ್ಲ.

ಆಮೇಲೆ ಯಾವ ಹಟ್ಟಿಯವರೂ ಅವರನ್ನು, ಅವರ ಹುಡುಗರನ್ನು ಒಳಗೆ ಬಿಡಲಿಲ್ಲ. ಜಾಲಿಗಿಡದ ಹತ್ತಿರ ಸ್ಕೂಟರು ಕಂಡರೆ ನಾಯಿ ಬಿಡುತ್ತಿದ್ದರು. ಆ ಸಮೀಕ್ಷೆಯಿಂದಲೇ ಅವರು ಡಾಕ್ಟರೇಟಿಗೆ ಬರೆಯುವವರಿದ್ದರಂತೆ, ಅದು ನಿಂತಿತು. ಇದು ನನಗೆ ಗೊತ್ತಾದದ್ದು ಈಗ, ರೇಣುಕಾ ಹೇಳಿದ ಮೇಲೆ. ನಾನೇನು ಮಾಡಿದೆ ಎಂದರೆ, ಆ ವರ್ಷವೇ ಬೀಗರ ಟಗರನ್ನೂ ಅದರ ಗಂಡುಮರಿಗಳನ್ನೂ ಸದ್ದಿಲ್ಲದೆ ಕಟುಕರಿಗೆ ಸಾಗಿಸಿದೆ. ನಿಜವಾಗಿ ದೂರದ ಟಗರು ತಂದು ಕಟ್ಟಿದೆ. ಬರಬರುತ್ತಾ ಗಿಳಿಮೂತಿ ನಿಂತಿತು. ಕುರಿಗಾರರು ದೇವರ ದಯೆ ಎಂದರು. ನಾನು ನನ್ನ ಮನಸ್ಸಿಗೆ, ಹಾನಿ ತುಂಬಿಕೊಟ್ಟೆ, ಲೆಕ್ಕ ಚುಕ್ತಾ ಎಂದು ಹೇಳಿಕೊಂಡೆ. ನಂತರ ಟಗರಿನ ವ್ಯಾಪಾರ ಬಿಟ್ಟು ಈ ಅಂಗಡಿ ಹಾಕಿದೆ.

ಅಂಗಡಿ ಹಾಕಿದ ಎರಡನೇ ವರ್ಷ ಒಂದು ಮಧ್ಯಾಹ್ನ ಮೇಡಂ ಬಂದರು. ಕೂದಲು ಬೆಳ್ಳಗಾಗಿತ್ತು. ಹಿಂಡಿ ಬೇಕೇ ಎಂದು ತಮಾಷೆ ಮಾಡಿದೆ. ನಕ್ಕರು. ಚಹಾ ತರಿಸಿದೆ. ಊರ ಸುದ್ದಿ, ಮಳೆ ಸುದ್ದಿ ಎಲ್ಲ ಆಯಿತು. ಎದ್ದು ಹೊರಡುವಾಗ ಚೀಲದಿಂದ ಈ ಪುಸ್ತಕವನ್ನು ಅರ್ಧ ಹೊರಗೆಳೆದು, "ಅಣ್ಣಾರ, ಇದರಾಗ ನೀವು ಬರೆಸಿದ್ದರಾಗ ಏನರ ತಿದ್ದೋದು ಐತೇನ್ರಿ?" ಎಂದು ಕೇಳಿದರು.

ಕೇಳಿದ ಧಾಟಿಯಲ್ಲಿ ಜಗಳವಿರಲಿಲ್ಲ. ಎಲ್ಲವೂ ಅವರಿಗೆ ಗೊತ್ತಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಎದುರಿನವನಿಗೆ ಗೊತ್ತಿದೆ, ಆದರೆ ಕೈಯಲ್ಲಿ ಸಾಕ್ಷಿಯಿಲ್ಲ ಎಂಬುದನ್ನು ಕಣ್ಣಲ್ಲೇ ಓದುವವನು ನಾನು, ಇಷ್ಟು ವರ್ಷ ಬದುಕಿದ್ದೇ ಅದರಿಂದ. ಸಂತೆಯಲ್ಲಾದರೆ ಅಂಥ ಹೊತ್ತಿನಲ್ಲಿ ನನ್ನ ಬೆಲೆ ಬಿಡುವುದಿಲ್ಲ. ಇಲ್ಲೂ ಬಿಡಲಿಲ್ಲ.

"ಇಲ್ರಿ ಮೇಡಂ, ಏನಿಲ್ಲ" ಎಂದೆ.

"ಇರಲಿ ಬಿಡ್ರಿ" ಎಂದರು. ಪುಸ್ತಕ ಒಳಗೆ ತಳ್ಳಿದರು. ಮೆಟ್ಟಿಲು ಇಳಿದು ಹೆಲ್ಮೆಟ್ಟು ಹಾಕಿಕೊಂಡವರು, ನೆನಪಾದಂತೆ ತಿರುಗಿ, ಚಹಾ ಚೆನ್ನಾಗಿತ್ತು ಎಂದರು. ಅದೇ ಕಡೆಯ ಮಾತು.

ರೇಣುಕಾ ಬಿಟ್ಟುಹೋದ ಪುಸ್ತಕವನ್ನು ನಾಲ್ಕು ದಿನ ಗಲ್ಲೆಯ ಮೇಲೇ ಬಿಟ್ಟಿದ್ದೆ. ಐದನೇ ದಿನ ತೆರೆದೆ. ನೀಲಿ ಸಾಲುಗಳ ನಡುವೆ ನನ್ನ ಕೆಂಪು ಸಾಲುಗಳು, ಪ್ರತಿಯೊಂದರ ಪಕ್ಕದಲ್ಲಿ ನನ್ನ ಹೆಸರು. ಕಡೆಯ ಪುಟದಲ್ಲಿ ಒಂದು ಲೆಕ್ಕ ಪೆನ್ಸಿಲಿನಲ್ಲಿ ಇತ್ತು. ಶುರುವಿನಲ್ಲಿ, "ಎಲ್ಲ ಟಗರುಗಳೂ ಒಂದೇ ತಂದೆಯ ಮಕ್ಕಳಾಗಿದ್ದರೆ" ಎಂದು ಬರೆದಿತ್ತು. ಮೊದಲ ಟಗರಿನಲ್ಲಿ ಕೆಂಪು ಕಾಳು ಅಡಗಿದ್ದರೆ ಅದರ ಹೆಣ್ಣುಮರಿಗಳಲ್ಲಿ ಅರ್ಧಕ್ಕೆ ಅದು ಹೋಗುತ್ತದೆ. ಬದಲಿಗೆ ಬಂದ ತಮ್ಮನಲ್ಲೂ ಅದಿದ್ದರೆ, ಆ ಅರ್ಧಕ್ಕೆ ಹುಟ್ಟುವ ಮರಿಗಳಲ್ಲಿ ನಾಲ್ಕಕ್ಕೊಂದು ಗಿಳಿಮೂತಿ. ಒಟ್ಟು ಎಂಟಕ್ಕೆ ಒಂದು. ಪಕ್ಕದಲ್ಲಿ ಹಟ್ಟಿಗಳಲ್ಲಿ ತಾವೇ ಎಣಿಸಿದ್ದನ್ನು ನೀಲಿಯಲ್ಲಿ ಬರೆದು ಹೋಲಿಸಿದ್ದರು. ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. ಅದರ ಕೆಳಗೆ ಎರಡೇ ಮಾತು: "ಕೇಳಬೇಕು. ಹೇಳಿದರೆ ಬರೆಯಬಹುದು."

ಯಾರನ್ನು ಕೇಳಬೇಕು ಎಂದು ಬರೆದಿರಲಿಲ್ಲ. ಪುಟಪುಟದಲ್ಲೂ ನನ್ನ ಹೆಸರು ಹಾಕಿದ ಕೈ, ಈ ಒಂದು ಕಡೆ ಹಾಕದೆ ಬಿಟ್ಟಿತ್ತು. ಅವರು ಅಂಗಡಿಗೆ ಬಂದದ್ದು ಆ ಒಂದು ಮಾತಿಗೆ. ನಾನು ಚಹಾ ಕುಡಿಸಿ ಕಳಿಸಿದೆ.

ಮರುದಿನ ಉಚ್ಚಂಗಿದುರ್ಗದ ಬಸ್ಸು ಹತ್ತಿದೆ. ಅಜ್ಜ ಇದ್ದಾನೆ, ಕಿವಿ ಮಂದ. ಹಟ್ಟಿಯ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಾ ಕೂತಿದ್ದ. ಎಲ್ಲವನ್ನೂ ಹೇಳಿದೆ. ಕಿವಿಯ ಹತ್ತಿರ ಜೋರಾಗಿ ಹೇಳಬೇಕಾದ್ದರಿಂದ ಸೊಸೆಯಂದಿರಿಗೂ, ಕುರಿ ಹೊಡೆದುಕೊಂಡು ಹೋಗುತ್ತಿದ್ದವರಿಗೂ ಕೇಳಿಸಿತು. ಅವನು ಬೈಯಬಹುದು, ಹೊಡೆಯಲೂಬಹುದು ಎಂದು ತಯಾರಾಗಿ ಹೋಗಿದ್ದೆ. ಉಣ್ಣೆ ಪಕ್ಕಕ್ಕಿಟ್ಟ.

"ಆ ತಾಯಿಗೆ ಹೇಳಿದ್ಯೇನು ಇದನ್ನ?"

"ಇಲ್ಲಜ್ಜ. ತೀರಿಕೊಂಡ್ರು."

"ಮತ್ತ ನನ್ನ ಹಂತ್ಯಾಕ ಯಾಕ ಬಂದಿಯಲೇ? ನನಗ ಗೊತ್ತಿತ್ತು, ನಾ ಬಿಟ್ಟಿರಲಿಲ್ಲ ಅಂತ. ಗೊತ್ತಿಲ್ದಾಕಿ ಆಕಿ ಒಬ್ಬಾಕಿ."

ಆಕೆಗೂ ಗೊತ್ತಾಗಿತ್ತು ಎಂಬುದೊಂದನ್ನು ನನ್ನಲ್ಲೇ ಉಳಿಸಿಕೊಂಡೆ. ಅಜ್ಜ ಉಣ್ಣೆ ಕೈಗೆತ್ತಿಕೊಂಡ. ಸೊಸೆ ಮಜ್ಜಿಗೆ ತಂದಿದ್ದವಳು ಹೊಸ್ತಿಲಲ್ಲೇ ನಿಂತು, ಅಜ್ಜನ ಮುಖ ನೋಡಿ ಒಳಗೆ ತೆಗೆದುಕೊಂಡು ಹೋದಳು.

ಈ ವಾರ ಪುಸ್ತಕ ಮರಳಿಸಲು ನಾನೇ ನಿಮ್ಮ ಕಾಲೇಜಿಗೆ ಬಂದೆ. ಪಟ್ಟಿ ಸರಿಯಿಲ್ಲ, ಅಚ್ಚಿಗೆ ಕೊಡಬೇಡಿ, ನಾನು ಬರೆಸಿದ ಟಗರುಗಳೆಲ್ಲ ಒಂದೇ ಹಟ್ಟಿಯವು ಎಂದೆ. ರೇಣುಕಾ ಮೊದಲು ನನ್ನನ್ನು, ಆಮೇಲೆ ಪುಸ್ತಕವನ್ನು ನೋಡಿದಳು. ಮೇಡಂ ಬದುಕಿದ್ದಾಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಪ್ರಯೋಗಶಾಲೆಯ ಮೇಜಿನ ಮೇಲೆ ಪುಸ್ತಕ ಬಿಡಿಸಿ, "ಹಂಗಾದ್ರ ನೀವೇ ಬರೀರಿ ಸಾವ್ಕಾರ್ರೆ, ಒಂದೊಂದು ಸಾಲಿನ ಪಕ್ಕ" ಎಂದಳು.

ಜೇಬಿನ ಪೆನ್ನು ತೆಗೆದೆ. ನೀಲಿ. ಇಷ್ಟು ವರ್ಷದ ಮೇಲೆ ಮೊದಲ ಸಲ ನಿಜ ಬರೆಯುತ್ತಿದ್ದೇನೆ ಎಂಬ ಒಂದು ಬಗೆಯ ಜಂಬವೂ ಆ ಕೈಯಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. ಟಗರುಗಳು ಇಲ್ಲ, ಅವುಗಳ ಅಪ್ಪನಿಲ್ಲ, ಬೀಗರ ಹಿಂಡೂ ಈಗಿಲ್ಲ. ತೋರಿಸಿ ಎಂದರೆ ತೋರಿಸಲು ನನ್ನ ಹತ್ತಿರ ಒಂದು ಕೊಂಬಿನ ಚೂರೂ ಇಲ್ಲ.

ಹುಡುಗಿ ನನ್ನ ಕೈಯ ಮೇಲೆ ಮೆಲ್ಲಗೆ ಕೈಯಿಟ್ಟು ತಡೆದಳು. ತನ್ನ ಚೀಲದಿಂದ ಇನ್ನೊಂದು ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟಳು.

"ಇದೂ ನೀವು ಹೇಳಿದ್ದ ಅಲ್ಲೇನ್ರಿ. ಕೆಂಪಿನಾಗ ಬರೀರಿ. ಪಕ್ಕಕ್ಕ ಹೆಸರು ಹಾಕ್ರಿ."

ಹಾಕಿದ್ದೇನೆ.